ಒಂದು ಪರದೆ, ಇಬ್ಬರು ಒಡೆಯರು

ಕೆಲಸಕ್ಕೂ ಆಟಕ್ಕೂ ಒಪ್ಪುವ ಕಂಪ್ಯೂಟರ್ ಮಾನಿಟರನ್ನು ಆರಿಸುವ ಬಗೆ

ಅಕ್ಕಿ ಕೊಳ್ಳುವಾಗ ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ನೋಡುವುದು, ಸೀರೆ ಕೊಳ್ಳುವಾಗ ಸೆರಗನ್ನು ಬೆಳಕಿಗೆ ಹಿಡಿದು ನೋಡುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಆದರೆ ಕಂಪ್ಯೂಟರಿನ ಮಾನಿಟರನ್ನು ಕೊಳ್ಳುವಾಗ ಈ ಜಾಣತನವೆಲ್ಲ ಎಲ್ಲಿ ಅಡಗಿಹೋಗುತ್ತದೆಯೋ ತಿಳಿಯದು. ಡಬ್ಬದ ಮೇಲಿನ ಅಂಕಿಗಳನ್ನು ಓದಿ, ಅಂಗಡಿಯವನ ಮಾತನ್ನು ಕೇಳಿ, ಹಣ ತೆತ್ತು ಮನೆಗೆ ತರುತ್ತೇವೆ. ದಿನಕ್ಕೆ ಎಂಟು ಹತ್ತು ಗಂಟೆಗಳ ಕಾಲ ಕಣ್ಣಿನ ಎದುರಿಗೇ ಇರತಕ್ಕ ವಸ್ತುವನ್ನು ಕಣ್ಣಿನ ಸಲಹೆ ಕೇಳದೆಯೇ ಕೊಳ್ಳುವುದು ವಿಚಿತ್ರವಲ್ಲವೆ?

ಇನ್ನೂ ಒಂದು ವಿಚಿತ್ರವುಂಟು. ಕಂಪ್ಯೂಟರಿನ ಒಳಗಿನ ಭಾಗಗಳು ಕೆಲವೇ ವರ್ಷಗಳಲ್ಲಿ ಹಳತಾಗಿ ಬದಲಾಗುತ್ತವೆ. ಒಳ್ಳೆಯ ಮಾನಿಟರು ಮಾತ್ರ ಎರಡು ಕಂಪ್ಯೂಟರುಗಳ ಆಯುಷ್ಯವನ್ನು ಕಂಡರೂ ಆಶ್ಚರ್ಯವಿಲ್ಲ. ಹೀಗಿದ್ದರೂ ಉಳಿದುದನ್ನೆಲ್ಲ ಕೊಂಡಾದ ಮೇಲೆ ಜೇಬಿನಲ್ಲಿ ಮಿಕ್ಕ ಹಣಕ್ಕೆ ಮಾನಿಟರನ್ನು ತರುವುದೇ ಅನೇಕ ಮನೆಗಳ ರೂಢಿ.

2020ರಲ್ಲಿ ಕೋವಿಡ್ ಹಬ್ಬಿದಾಗ ಕಚೇರಿಯ ಕೆಲಸ ಮನೆಯೊಳಕ್ಕೆ ಬಂತು. ಅನೇಕ ಮನೆಗಳಲ್ಲಿ ಅದು ಪೂರ್ತಿ ಹಿಂದಿರುಗಿ ಹೋಗಲೇ ಇಲ್ಲ. ಹಗಲೆಲ್ಲ ತಂದೆಯೋ ತಾಯಿಯೋ ಲೆಕ್ಕಪತ್ರವನ್ನೂ ವರದಿಯನ್ನೂ ತೆರೆದು ಕುಳಿತಿರುವ ಪರದೆಯ ಮುಂದೆ ಸಂಜೆಯಾಗುತ್ತಲೇ ಮಗನೋ ಮಗಳೋ ಆಟಕ್ಕೆ ಕೂಡುತ್ತಾರೆ. ಪರದೆ ಒಂದು, ಒಡೆಯರು ಇಬ್ಬರು. ಇಬ್ಬರ ಬೇಡಿಕೆಗಳೂ ಬೇರೆ. ಕೆಲಸಗಾರನಿಗೆ ಬೇಕಾದುದು ನಿಂತ ಅಕ್ಷರದ ನಿಚ್ಚಳತೆ. ಆಟಗಾರನಿಗೆ ಬೇಕಾದುದು ಓಡುವ ಚಿತ್ರದ ಸ್ಪಷ್ಟತೆ. ಇವೆರಡನ್ನೂ ಹೊಂದಿಸಿಕೊಡುವುದು ಸಾಧ್ಯ. ಅದಕ್ಕೆ ಅತಿ ಹೆಚ್ಚಿನ ಬೆಲೆಯನ್ನೇ ಕೊಡಬೇಕೆಂಬ ನಿಯಮವೇನೂ ಇಲ್ಲ. ಕೂಡುವವರ ಕಣ್ಣು, ಇಡುವ ಮೇಜು, ಹಿಂದಿರುವ ಕಂಪ್ಯೂಟರು, ಈ ಮೂರನ್ನು ಮೊದಲು ನೋಡಿ ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿದರಾಯಿತು.

ಮೊದಲು ಮೇಜನ್ನು ಅಳೆಯಿರಿ

ಮಾನಿಟರಿನ ಅಳತೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಹೇಳುವುದು ಪದ್ಧತಿ. ಸಾಮಾನ್ಯ ಆಕಾರದ 24 ಅಂಗುಲದ ಪರದೆಯ ಅಗಲ ಸುಮಾರು 21 ಅಂಗುಲ. 27 ಅಂಗುಲದ್ದು ಇಪ್ಪತ್ತಮೂರೂವರೆ. 32 ಅಂಗುಲದ್ದು ಸುಮಾರು 28. ಅಗಲಕ್ಕಿಂತಲೂ ಮುಖ್ಯವಾದುದು ದೂರ. ಕಣ್ಣಿಗೂ ಪರದೆಗೂ ನಡುವೆ ಒಂದು ತೋಳಿನಷ್ಟು, ಎಂದರೆ ಸುಮಾರು 25 ಅಂಗುಲ, ಅಂತರವಿರಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ನಮ್ಮ ಮನೆಗಳ ಓದುವ ಮೇಜಿಗೆ ಎರಡಡಿಯ ಆಳವಿದ್ದರೆ ಅದೇ ಹೆಚ್ಚು. ಅದರಲ್ಲಿ ಏಳೆಂಟು ಅಂಗುಲವನ್ನು ಮಾನಿಟರಿನ ಕಾಲೇ ಆಕ್ರಮಿಸುತ್ತದೆ. ಇಂಥ ಮೇಜಿನ ಮೇಲೆ 32 ಅಂಗುಲದ ಪರದೆಯನ್ನಿಟ್ಟರೆ ಸಿನಿಮಾ ಮಂದಿರದ ಮೊದಲನೆಯ ಸಾಲಿನಲ್ಲಿ ಕುಳಿತಂತಾಗುತ್ತದೆ. ಒಂದು ಮೂಲೆಯಿಂದ ಇನ್ನೊಂದಕ್ಕೆ ಕತ್ತನ್ನೇ ತಿರುಗಿಸಬೇಕು.

ಆದುದರಿಂದ ಎರಡಡಿಯ ಮೇಜಿಗೆ 24ರಿಂದ 27 ಅಂಗುಲ ತಕ್ಕ ಅಳತೆ. ಎರಡೂವರೆ ಅಡಿಗೆ ಮೇಲ್ಪಟ್ಟ ಮೇಜಿದ್ದವರು 32ರ ಯೋಚನೆ ಮಾಡಬಹುದು. ಮೇಜು ಚಿಕ್ಕದಾಗಿದ್ದು ಪರದೆ ದೊಡ್ಡದೇ ಬೇಕೆನ್ನುವವರು ಮಾನಿಟರಿನ ಬೆನ್ನಿನಲ್ಲಿ ನಾಲ್ಕು ತಿರುಪಿನ ರಂಧ್ರಗಳಿವೆಯೇ ಎಂದು ನೋಡಿಕೊಳ್ಳಬೇಕು. 100 ಮಿಲಿಮೀಟರಿನ ಚೌಕದಲ್ಲಿರುವ ಈ ರಂಧ್ರಗಳಿಗೆ ವೆಸಾ ಎಂದು ಹೆಸರು. ಅವಿದ್ದರೆ ಪರದೆಯನ್ನು ಗೋಡೆಗೋ ಲೋಹದ ತೋಳಿಗೋ ಸಿಕ್ಕಿಸಿ ಹಿಂದಕ್ಕೆ ಸರಿಸಬಹುದು.

ಧನವೋ, ದನವೋ?

ಪರದೆಯ ಮೇಲಿನ ಚಿತ್ರವೆಲ್ಲ ಪಿಕ್ಸೆಲುಗಳೆಂಬ ಚುಕ್ಕಿಗಳಿಂದಾದುದು. ಅಂಗಳದ ರಂಗೋಲಿಯನ್ನೇ ನೆನೆಯಿರಿ. ಅಷ್ಟೇ ಅಂಗಳದಲ್ಲಿ ಚುಕ್ಕಿಗಳನ್ನು ಹತ್ತಿರ ಹತ್ತಿರ ಇಟ್ಟಷ್ಟೂ ಬಳ್ಳಿಯ ಬಳುಕು ನಯವಾಗುತ್ತದೆ. ದೂರ ದೂರ ಇಟ್ಟರೆ ಮೂಲೆಮೂಲೆಯಾಗುತ್ತದೆ. ಪೇಟೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಪರದೆಗಳು ದೊರೆಯುತ್ತವೆ. 1920 × 1080 ಚುಕ್ಕಿಗಳದ್ದು ಫುಲ್ ಎಚ್‌ಡಿ. 2560 × 1440ರದ್ದು ಕ್ಯೂಎಚ್‌ಡಿ. 3840 × 2160ರದ್ದು 4ಕೆ.

ಈ ಅಂಕಿಗಳನ್ನು ಪರದೆಯ ಅಳತೆಯೊಡನೆ ಕೂಡಿಸಿ ನೋಡದಿದ್ದರೆ ಮೋಸಹೋಗುವುದು ಖಂಡಿತ. ಫುಲ್ ಎಚ್‌ಡಿ ಪರದೆ 24 ಅಂಗುಲದ್ದಾದರೆ ಒಂದು ಅಂಗುಲಕ್ಕೆ ಸುಮಾರು 92 ಚುಕ್ಕಿಗಳು ಬರುತ್ತವೆ. ಅದೇ 27 ಅಂಗುಲದ್ದಾದರೆ ಚುಕ್ಕಿಗಳು ಹರಡಿಕೊಂಡು 82ಕ್ಕೆ ಇಳಿಯುತ್ತವೆ. ದೊಡ್ಡ ಪರದೆ ಸೋವಿಯಾಗಿ ದೊರೆಯಿತೆಂದು ಹಿಗ್ಗಿದವನಿಗೆ ಅಕ್ಷರಗಳು ಮಾತ್ರ ಒರಟಾಗಿ ಕಾಣುತ್ತವೆ. 27 ಅಂಗುಲದ ಕ್ಯೂಎಚ್‌ಡಿ ಪರದೆಯಲ್ಲಿ ಅಂಗುಲಕ್ಕೆ 109 ಚುಕ್ಕಿಗಳು. ಅದೇ ಅಳತೆಯ 4ಕೆ ಪರದೆಯಲ್ಲಿ 163.

ಇಂಗ್ಲಿಷಿನಲ್ಲಿಯೇ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಬಾಧಿಸದಿರಬಹುದು. ಕನ್ನಡದಲ್ಲಿ ಬರೆದು ಓದುವವರಿಗೆ ಅದು ದೊಡ್ಡ ಮಾತು. ನಮ್ಮ ಲಿಪಿ ದುಂಡು ಲಿಪಿ. ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು. ‘ಸ್ವಾತಂತ್ರ್ಯ’ ಎಂಬ ಒಂದು ಪದದಲ್ಲಿ ಎಷ್ಟು ಸೂಕ್ಷ್ಮ ಗೆರೆಗಳು ಅಡಗಿವೆ ನೋಡಿ! ದಕಾರಕ್ಕೂ ಧಕಾರಕ್ಕೂ ಇರುವ ಭೇದವೆಲ್ಲ ಕೆಳಗಿನ ಒಂದು ಪುಟ್ಟ ಸೀಳು. ಒರಟು ಪರದೆಯಲ್ಲಿ ಚಿಕ್ಕ ಅಕ್ಷರವನ್ನು ಓದಿದರೆ ‘ಧನ’ವು ‘ದನ’ವಾಗಲು ತಡವಿಲ್ಲ. ಸಂಜೆಗೆ ಬರುವ ತಲೆನೋವಿಗೆ ಕಾರಣ ಕೆಲಸದ ಹೊರೆಯೇ ಆಗಿರಬೇಕೆಂದಿಲ್ಲ. ಅಕ್ಷರವನ್ನು ಊಹಿಸಿ ಊಹಿಸಿ ಓದಿದ ಕಣ್ಣಿನ ದಣಿವೂ ಆಗಿರಬಹುದು. ಇದರಿಂದ ಒಂದು ಸರಳ ಸೂತ್ರ ಹೊರಡುತ್ತದೆ: ಫುಲ್ ಎಚ್‌ಡಿಯಾದರೆ 24 ಅಂಗುಲವನ್ನು ದಾಟಬೇಡಿ, 27 ಅಂಗುಲವೇ ಬೇಕಾದರೆ ಕ್ಯೂಎಚ್‌ಡಿಗೆ ಕಡಿಮೆಯಾದುದನ್ನು ತರಬೇಡಿ.

ಮನೆಯಲ್ಲಿರುವ ಟೀವಿಯನ್ನೇ ಮಾನಿಟರನ್ನಾಗಿ ಮಾಡಿಕೊಂಡರೇನೆಂದು ಕೇಳುವವರುಂಟು. ದೂರದಿಂದ ಸಿನಿಮಾ ನೋಡಲೆಂದು ಮಾಡಿದ ಟೀವಿಗಳಲ್ಲಿ ಕೆಲವು ಬಣ್ಣದ ವಿವರವನ್ನು ಕಡಿತಗೊಳಿಸಿ ತೋರಿಸುತ್ತವೆ. ಹತ್ತಿರ ಕುಳಿತು ಓದಿದರೆ ಬಣ್ಣದ ಅಕ್ಷರಗಳ ಅಂಚು ಕಲಸಿಹೋಗುತ್ತದೆ. ಆಟದ ಗುಂಡಿಯನ್ನು ಒತ್ತಿದುದಕ್ಕೂ ಪರದೆಯ ಮೇಲೆ ಕೈ ಆಡುವುದಕ್ಕೂ ನಡುವೆ ವಿಳಂಬವೂ ತೋರಬಹುದು. ಟೀವಿಯಲ್ಲಿ ‘ಗೇಮ್ ಮೋಡ್’ ಇದ್ದರೆ ಈ ವಿಳಂಬ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆದರೂ ಎಂಟು ಗಂಟೆಯ ಬರವಣಿಗೆಗೆ ಅದು ತಕ್ಕ ಸಂಗಾತಿಯಲ್ಲ.

ಓಡುವ ಚಿತ್ರದ ಲೆಕ್ಕ

ಪರದೆಯ ಮೇಲೆ ಆಟವಾಡುವ ಹವ್ಯಾಸ ನಿನ್ನೆ ಮೊನ್ನೆಯದಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ವಿಜ್ಞಾನಿ, ನೋಡಲು ಬರುವ ಜನರ ಬೇಸರ ಕಳೆಯಲೆಂದು, ಐದು ಅಂಗುಲದ ಆಸಿಲೋಸ್ಕೋಪಿನ ದುಂಡು ಪರದೆಯ ಮೇಲೆ ಟೆನಿಸ್ ಆಟವನ್ನು ಹೂಡಿದನು. ಒಂದು ಗೆರೆ ನೆಲ, ಒಂದು ಗೆರೆ ಬಲೆ, ಪುಟಿಯುವ ಒಂದು ಚುಕ್ಕಿ ಚೆಂಡು. ಜನ ಸಾಲುಗಟ್ಟಿ ನಿಂತು ಆಡಿದರಂತೆ. ಅಂದಿನ ಆ ಚುಕ್ಕಿಗೂ ಇಂದಿನ ಆಟಗಳ ವೀರಯೋಧರಿಗೂ ಬೇಕಾದುದು ಒಂದೇ: ಚಲನೆ ತಡವರಿಸದಿರುವುದು.

ಮಾನಿಟರು ಒಂದು ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರವನ್ನು ತೋರಬಲ್ಲುದೋ ಅದಕ್ಕೆ ರಿಫ್ರೆಶ್ ರೇಟ್ ಎನ್ನುತ್ತಾರೆ, ಹರ್ಟ್ಸ್‌ಗಳಲ್ಲಿ ಹೇಳುತ್ತಾರೆ. 60 ಹರ್ಟ್ಸಿನ ಪರದೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡು ನಿಲ್ಲುತ್ತದೆ. 144 ಹರ್ಟ್ಸಿನದರಲ್ಲಿ 6.9, 240 ಹರ್ಟ್ಸಿನದರಲ್ಲಿ 4.2. ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಗಮನಿಸಬೇಕು. 60ರಿಂದ 144ಕ್ಕೆ ಏರಿದಾಗ ಉಳಿತಾಯ ಸುಮಾರು 10 ಮಿಲಿಸೆಕೆಂಡು. 144ರಿಂದ 240ಕ್ಕೆ ಏರಿದಾಗ ಮೂರೂ ಇಲ್ಲ. ಮೊದಲನೆಯ ಏರಿಕೆಯನ್ನು ಯಾರಾದರೂ ಗುರುತಿಸಬಹುದು. ಎರಡನೆಯದನ್ನು ಪಳಗಿದ ಆಟಗಾರ ಗುರುತಿಸುತ್ತಾನೆ. ಅದರ ಬೆಲೆಯನ್ನು ಮಾತ್ರ ಮನೆಯವರೆಲ್ಲರೂ ಗುರುತಿಸುತ್ತಾರೆ.

ಮೊದಲನೆಯ ಏರಿಕೆಯ ಸುಖ ಆಟಗಾರನಿಗಷ್ಟೇ ಸೀಮಿತವಲ್ಲ. ಉದ್ದನೆಯ ಕಡತವನ್ನು ಮೇಲಕ್ಕೂ ಕೆಳಕ್ಕೂ ಸರಿಸುವಾಗ 60 ಹರ್ಟ್ಸಿನಲ್ಲಿ ಅಕ್ಷರಗಳು ಮಸುಕಾಗುತ್ತವೆ. 100ರ ಮೇಲೆ ಸರಿಯುತ್ತಿರುವಾಗಲೂ ಸಾಲಿನ ಜಾಡು ತಪ್ಪುವುದಿಲ್ಲ. ಇಬ್ಬರು ಒಡೆಯರೂ ಒಮ್ಮತಕ್ಕೆ ಬರಬಹುದಾದ ಸಂಗತಿ ಇದು.

ಯಾವ ಆಟ ಎಂಬುದನ್ನೂ ಮಕ್ಕಳನ್ನು ಕೇಳಿ ತಿಳಿಯಬೇಕು. ಕೌಂಟರ್-ಸ್ಟ್ರೈಕ್, ವ್ಯಾಲರೆಂಟ್ ಮೊದಲಾದ ಗುರಿಯಿಟ್ಟು ಹೊಡೆಯುವ ಪಂದ್ಯದ ಆಟಗಳಲ್ಲಿ ವೇಗವೇ ಪ್ರಾಣ. ಕಥೆಯನ್ನು ಹೇಳುತ್ತ ಕಾಡುಮೇಡುಗಳಲ್ಲಿ ಅಲೆದಾಡಿಸುವ ಆಟಗಳಲ್ಲಿ ಚಿತ್ರದ ಸೊಬಗೇ ಪ್ರಾಣ. ಚದುರಂಗಕ್ಕೂ ಊರು ಕಟ್ಟುವ ಆಟಗಳಿಗೂ 60 ಹರ್ಟ್ಸ್ ಧಾರಾಳ.

ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಪರದೆ ಸೆಕೆಂಡಿಗೆ 144 ಚಿತ್ರಗಳನ್ನು ತೋರಬಲ್ಲುದಾದರೂ ಅಷ್ಟು ಚಿತ್ರಗಳನ್ನು ಬಿಡಿಸಿ ಕೊಡಬೇಕಾದುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು. ಫುಲ್ ಎಚ್‌ಡಿಯ ಒಂದು ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು. ಕ್ಯೂಎಚ್‌ಡಿಯಲ್ಲಿ ಸುಮಾರು 37 ಲಕ್ಷ. 4ಕೆಯಲ್ಲಿ 83 ಲಕ್ಷ, ಎಂದರೆ ಮೊದಲನೆಯದರ ಸರಿಯಾಗಿ ನಾಲ್ಕು ಪಟ್ಟು. ಬಡ ಗ್ರಾಫಿಕ್ಸ್ ಕಾರ್ಡಿನ ಮುಂದೆ 4ಕೆ ಪರದೆಯನ್ನಿಟ್ಟು ಆಟಕ್ಕೆ ತೊಡಗಿದರೆ ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಉದಾಹರಣೆ ಸಿಕ್ಕಿದಂತಾಗುತ್ತದೆ. ಸಾಧಾರಣ ಕಾರ್ಡಿನವರಿಗೆ ಫುಲ್ ಎಚ್‌ಡಿ, ಮಧ್ಯಮ ದರ್ಜೆಯ ಕಾರ್ಡಿನವರಿಗೆ ಕ್ಯೂಎಚ್‌ಡಿ, ಬಲವಾದ ಕಾರ್ಡಿನವರಿಗೆ ಮಾತ್ರ 4ಕೆ ಎಂದು ಸ್ಥೂಲವಾಗಿ ಹೇಳಬಹುದು. ಆಟವಿಲ್ಲದೆ ಬರಿಯ ಕಚೇರಿ ಕೆಲಸವಾದರೆ ಈ ನಿರ್ಬಂಧವಿಲ್ಲ. ಸಾಧಾರಣ ಲ್ಯಾಪ್‌ಟಾಪುಗಳೂ ನಿಂತ ಅಕ್ಷರವನ್ನು 4ಕೆಯಲ್ಲಿ ತೋರಬಲ್ಲವು.

ಕಾರ್ಡು ಬಿಡಿಸುವ ವೇಗಕ್ಕೂ ಪರದೆ ತೋರುವ ವೇಗಕ್ಕೂ ತಾಳ ತಪ್ಪಿದಾಗ ಚಿತ್ರ ನಡುವೆ ಹರಿದಂತೆ ಕಾಣುತ್ತದೆ. ಇದನ್ನು ನಿವಾರಿಸಲು ಎನ್‌ವಿಡಿಯಾ ಸಂಸ್ಥೆ 2013ರಲ್ಲಿ ಜಿ-ಸಿಂಕ್ ಎಂಬ ಏರ್ಪಾಟನ್ನು ಪ್ರಕಟಿಸಿತು. ಎಎಂಡಿ ಸಂಸ್ಥೆಯ ಫ್ರೀಸಿಂಕ್ ಮಾನಿಟರುಗಳು 2015ರಲ್ಲಿ ಬಂದವು. ಗಾಯಕನ ಗತಿಯನ್ನು ಮೃದಂಗದವನು ಅನುಸರಿಸುವಂತೆ, ಇಲ್ಲಿ ಕಾರ್ಡಿನ ಗತಿಯನ್ನು ಪರದೆಯೇ ಅನುಸರಿಸುತ್ತದೆ. ಆಟಕ್ಕಾಗಿ ಕೊಳ್ಳುವ ಮಾನಿಟರಿನಲ್ಲಿ ಈ ಎರಡರಲ್ಲೊಂದು ಇರಲೇಬೇಕು.

ಕೊಂಡಿಯ ವಿಷಯವನ್ನೂ ಮರೆಯಬಾರದು. ಎಚ್‌ಡಿಎಂಐ ಎಂಬ ಹೆಸರು ಒಂದೇ ಆದರೂ ಅದರ ತಲೆಮಾರುಗಳು ಬೇರೆ. 2.0 ತಲೆಮಾರಿನದು 4ಕೆ ಚಿತ್ರವನ್ನು 60 ಹರ್ಟ್ಸಿನವರೆಗೆ ಒಯ್ಯುತ್ತದೆ; 120 ಹರ್ಟ್ಸಿಗೆ 2.1 ಬೇಕು. ಪ್ಲೇಸ್ಟೇಷನ್ 5 ಇರುವ ಮನೆಯವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಅದೇ ಯಂತ್ರಕ್ಕೆ ಕ್ಯೂಎಚ್‌ಡಿ ಪರದೆ ಹೊಂದುವಂತಾದುದು 2022ರಲ್ಲಿ. ಕಂಪ್ಯೂಟರಿಗಾದರೆ ಡಿಸ್‌ಪ್ಲೇಪೋರ್ಟ್ ಕೊಂಡಿಯೇ ಸಲೀಸು. ಕಚೇರಿಯ ಲ್ಯಾಪ್‌ಟಾಪನ್ನು ದಿನವೂ ತಂದು ಜೋಡಿಸುವವರಿಗೆ ಯುಎಸ್‌ಬಿ-ಸಿ ಕೊಂಡಿಯ ಮಾನಿಟರು ಬಹಳ ಅನುಕೂಲ. ಒಂದೇ ತಂತಿಯಲ್ಲಿ ಚಿತ್ರವೂ ಹೋಗುತ್ತದೆ, ಲ್ಯಾಪ್‌ಟಾಪಿಗೆ ವಿದ್ಯುತ್ತೂ ಬರುತ್ತದೆ. ಅದು 65 ವಾಟಿಗೆ ಕಡಿಮೆಯಿಲ್ಲದಂತೆ ನೋಡಿಕೊಂಡರೆ ಸಾಮಾನ್ಯ ಲ್ಯಾಪ್‌ಟಾಪಿಗೆ ಸಾಕು.

ಪರದೆಯ ಕುಲಗೋತ್ರ

ಇಂದಿನ ಮಾನಿಟರುಗಳಲ್ಲಿ ಹೆಚ್ಚಿನವು ದ್ರವಹರಳಿನವು. ಹರಿಯುವುದರಲ್ಲಿ ದ್ರವದಂತೆಯೂ ಬೆಳಕನ್ನು ತಿರುಗಿಸುವುದರಲ್ಲಿ ಹರಳಿನಂತೆಯೂ ವರ್ತಿಸುವ ಈ ಪದಾರ್ಥವನ್ನು 1888ರಲ್ಲಿ ಮೊದಲು ಕಂಡವನು ಪ್ರಾಗ್ ನಗರದಲ್ಲಿದ್ದ ಫ್ರೀಡ್ರಿಶ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ.

ನಮ್ಮ ನಾಡಿಗೂ ಈ ಕಥೆಯಲ್ಲಿ ಹೆಮ್ಮೆಯ ಪಾಲಿದೆ. ಸರ್ ಸಿ. ವಿ. ರಾಮನ್ನರ ಸೋದರಳಿಯರಾದ ಎಸ್. ಚಂದ್ರಶೇಖರ್ ಅವರು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪ್ರಾಧ್ಯಾಪಕರಾಗಿ ಬಂದು ದ್ರವಹರಳಿನ ಸಂಶೋಧನೆಯನ್ನು ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಹೋದರು. ಅಲ್ಲಿ 1977ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಬಿಲ್ಲೆಯಾಕಾರದ ಅಣುಗಳೂ ದ್ರವಹರಳಾಗಬಲ್ಲವೆಂಬುದನ್ನು ಕಂಡುಹಿಡಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಆ ಗುಣವಿದೆಯೆಂದು ಪಂಡಿತರು ನಂಬಿದ್ದರು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಸಂಸ್ಥೆ ಇಂಥ ಬಿಲ್ಲೆ ಅಣುಗಳಿಂದ ತೆಳುಪೊರೆಯನ್ನು ತಯಾರಿಸಿತು. ಪಕ್ಕದಿಂದ ನೋಡಿದರೆ ಬಣ್ಣಗೆಡುತ್ತಿದ್ದ ಪರದೆಗಳಿಗೆ ಅದನ್ನು ಅಂಟಿಸಿದಾಗ ದೋಷ ಬಹಳಮಟ್ಟಿಗೆ ತಗ್ಗಿತು.

ಆ ದೋಷ ಮುಖ್ಯವಾಗಿ ಟಿಎನ್ ಎಂಬ ಹಳೆಯ ಜಾತಿಯದು. ವೇಗಕ್ಕೆ ಅದು ಹೆಸರಾದರೂ ಸ್ವಲ್ಪ ಸರಿದು ಕುಳಿತರೆ ಬಣ್ಣ ಮಾರ್ಪಡುತ್ತದೆ. ಮನೆಮಂದಿ ಜೊತೆಗೂಡಿ ನೋಡುವುದಕ್ಕೆ ತಕ್ಕುದಲ್ಲ. ಎರಡನೆಯದು ಐಪಿಎಸ್. 1996ರ ಸುಮಾರಿಗೆ ಹಿಟಾಚಿ ಸಂಸ್ಥೆ ಬಳಕೆಗೆ ತಂದ ಈ ಜಾತಿಯಲ್ಲಿ ಯಾವ ಕಡೆಯಿಂದ ನೋಡಿದರೂ ಬಣ್ಣ ಸ್ಥಿರ. ಅಕ್ಷರ ಚೆನ್ನ, ಈಗೀಗ ವೇಗಕ್ಕೂ ಕೊರತೆಯಿಲ್ಲ. ಕತ್ತಲ ದೃಶ್ಯಗಳಲ್ಲಿ ಕಪ್ಪು ಸ್ವಲ್ಪ ಬೂದುಬಣ್ಣಕ್ಕೆ ತಿರುಗುವುದೇ ಅದರ ಕೊರತೆ. ಮೂರನೆಯದು ವಿಎ. ಐಪಿಎಸ್ ಪರದೆಯಲ್ಲಿ ಬಿಳುಪು ಕಪ್ಪಿಗಿಂತ ಸಾಮಾನ್ಯವಾಗಿ 1000 ಪಟ್ಟು ಬೆಳಗಿದರೆ ವಿಎ ಪರದೆಯಲ್ಲಿ 3000 ಪಟ್ಟು. ಸಿನಿಮಾಕ್ಕೆ ಅದು ಸೊಗಸು. ಆದರೆ ಅಗ್ಗದ ವಿಎ ಪರದೆಗಳಲ್ಲಿ ಕತ್ತಲೊಳಗೆ ಓಡುವ ಆಕೃತಿಗಳ ಹಿಂದೆ ಕಪ್ಪು ಬಾಲವೊಂದು ಎಳೆದುಕೊಂಡು ಬರುವುದುಂಟು.

ನಾಲ್ಕನೆಯದಾದ ಓಲೆಡ್ ದ್ರವಹರಳಿನ ವಂಶದ್ದಲ್ಲ. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ಶೋಧದಿಂದ ಬೆಳೆದ ಈ ಪರದೆಯಲ್ಲಿ ಪ್ರತಿಯೊಂದು ಚುಕ್ಕಿಯೂ ತಾನೇ ಹೊಳೆಯುತ್ತದೆ, ತಾನೇ ಆರುತ್ತದೆ. ಕಪ್ಪೆಂದರೆ ಅಪ್ಪಟ ಕಪ್ಪು. ವೇಗದಲ್ಲಿ ಉಳಿದವೆಲ್ಲ ಇದರ ಹಿಂದೆ. ಆಟಗಾರನ ಪಾಲಿಗೆ ಇದೇ ಸ್ವರ್ಗ. ಆದರೆ ಮನೆಯ ಇನ್ನೊಬ್ಬ ಒಡೆಯನಿಗೆ ಎರಡು ಆಕ್ಷೇಪಗಳಿವೆ. ಹಗಲೆಲ್ಲ ಒಂದೇ ಕಡೆ ನಿಂತಿರುವ ಪಟ್ಟಿಗಳ, ಕೋಷ್ಟಕಗಳ ನೆರಳು ವರ್ಷಗಳಲ್ಲಿ ಪರದೆಯ ಮೇಲೆ ಕಲೆಯಾಗಿ ಉಳಿಯಬಹುದು. ಹಲವು ಓಲೆಡ್ ಪರದೆಗಳಲ್ಲಿ ಬಣ್ಣದ ಕಣಗಳ ಜೋಡಣೆ ಬೇರೆಯಾಗಿರುವುದರಿಂದ ಅಕ್ಷರದ ಅಂಚಿಗೆ ಬಣ್ಣದ ಝರಿ ಕಾಣುವುದೂ ಉಂಟು. ಕೊಳ್ಳಲೇಬೇಕೆಂದರೆ ಈ ಕಲೆಗೂ ವಾರಂಟಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಹಗಲು ಕೆಲಸ, ಸಂಜೆ ಆಟ ಎಂಬ ಸಂಸಾರಕ್ಕೆ ಐಪಿಎಸ್ ಹೆಚ್ಚು ಹೊಂದಿಕೊಂಡು ಹೋಗುವ ಜಾತಿ.

ಡಬ್ಬದ ಮೇಲಿನ ಮಾತು

ಬೆಳ್ಳಗಿರುವುದೆಲ್ಲ ಹಾಲಲ್ಲ. ‘1 ಮಿಲಿಸೆಕೆಂಡ್’ ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಚುಕ್ಕಿಯೊಂದು ಬಣ್ಣ ಬದಲಿಸಲು ಹಿಡಿಯುವ ಕಾಲ ಅದೆಂದು ಹೇಳುತ್ತಾರೆ. ಬಹುಪಾಲು ಅದು ಅತ್ಯಂತ ಅನುಕೂಲ ಸ್ಥಿತಿಯಲ್ಲಿ ಅಳೆದ ಕಾಲ. ಮಾನಿಟರನ್ನು ಆ ಸ್ಥಿತಿಗೆ ತಂದು ನೋಡಿದರೆ ಓಡುವ ಆಕೃತಿಗಳ ಸುತ್ತ ಬಿಳಿಯ ಛಾಯೆ ಕಾಣುವುದುಂಟು. ಕೋಟಿಗಳಲ್ಲಿ ಹೇಳುವ ‘ಡೈನಾಮಿಕ್ ಕಾಂಟ್ರಾಸ್ಟ್’ ಎಂಬ ಅಂಕಿಯನ್ನು ಓದದೆ ಮುಂದೆ ಹೋದರೂ ನಷ್ಟವಿಲ್ಲ. ‘ಎಚ್‌ಡಿಆರ್ 400’ ಎಂಬುದು ಆ ಏಣಿಯ ಕೆಳಗಿನ ಮೆಟ್ಟಿಲು. ಹೊಳಪಿನ ನಿಜವಾದ ವೈಭವ ಬೇಕಾದವರು ಅದನ್ನು ನೆಚ್ಚಿ ಹಣ ಹೆಚ್ಚು ಕೊಡಬಾರದು.

ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿರುವ ಸಂಗತಿಗಳೇ ಅನೇಕ ವೇಳೆ ಹೆಚ್ಚು ಬೆಲೆಯುಳ್ಳವು. ಕಾಲನ್ನು ಏರಿಸಿ ಇಳಿಸಬಹುದೇ? ಮೈಮೇಲೆ ಹೊಳಪಿಲ್ಲದ ಲೇಪವಿದೆಯೇ? ಕಿಟಕಿಯ ಎದುರು ಮೇಜಿಡುವ ಮನೆಗಳಿಗೆ ಈ ಲೇಪ ಅವಶ್ಯ. ವಾರಂಟಿ ಎಷ್ಟು ವರ್ಷ? ದುರಸ್ತಿಯವನು ಮನೆಗೆ ಬರುತ್ತಾನೆಯೇ, ಅಥವಾ ನಾವೇ ಹೊತ್ತು ಹೋಗಬೇಕೇ? ಎಷ್ಟು ಚುಕ್ಕಿಗಳು ಸತ್ತರೆ ಬದಲಿಸಿಕೊಡುತ್ತಾರೆ?

ಕಣ್ಣು ಮತ್ತು ಕತ್ತು

ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ಕಣ್ಣು ಒಣಗಿ ಉರಿಯುವುದಕ್ಕೆ ಇದೇ ಮುಖ್ಯ ಕಾರಣ. ನೀಲಿ ಬೆಳಕನ್ನು ತಡೆಯುವ ಕನ್ನಡಕಗಳಿಗೆ ಈಗ ಪ್ರಚಾರ ಬಹಳ. ಆದರೆ ಕಂಪ್ಯೂಟರಿನ ಕೆಲಸಕ್ಕೆ ಅಂಥ ಕನ್ನಡಕದ ಅಗತ್ಯವನ್ನು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಒಪ್ಪಿಲ್ಲ. ಖರ್ಚಿಲ್ಲದ ಉಪಾಯವೊಂದುಂಟು. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. ಹಿತ್ತಲ ತೆಂಗಿನ ಮರವೋ ಎದುರುಮನೆಯ ತಾರಸಿಯೋ ಇದಕ್ಕೆ ಸಾಕು.

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಅಥವಾ ಅದಕ್ಕೆ ಸ್ವಲ್ಪ ಕೆಳಗೆ ಇರಬೇಕು. ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವ ಹಿರಿಯರಿಗೆ ಇನ್ನೂ ತಗ್ಗಿಸಬೇಕು. ಇಲ್ಲವಾದರೆ ಗಾಜಿನ ಕೆಳಭಾಗದಿಂದ ಓದಲು ಗಲ್ಲವೆತ್ತಿ ಕುಳಿತು ಕತ್ತುನೋವು ತಂದುಕೊಳ್ಳುತ್ತಾರೆ. ಹನ್ನೆರಡು ವರ್ಷದ ಮಗಳೂ ಆರಡಿಯ ತಂದೆಯೂ ಕೂಡುವ ಮೇಜಿನಲ್ಲಿ ಏರಿಳಿಯುವ ಕಾಲು ಭೋಗವಸ್ತುವಲ್ಲ, ಆವಶ್ಯಕತೆ. ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಎಷ್ಟೇ ಬೆಲೆಯ ಪರದೆಯೂ ಬಯಲಿನ ಬೆಳಕಿಗೆ ಸಮನಲ್ಲ. ದಿನವೂ ಕೆಲಹೊತ್ತು ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆಯೆಂಬುದು ಸಂಶೋಧನೆಗಳಿಂದ ತಿಳಿದುಬಂದಿದೆ.

ಅಂಗಡಿಯಲ್ಲಿ ಹತ್ತು ನಿಮಿಷ

ಅಂಗಡಿಯ ಪರದೆಯ ಮೇಲೆ ನವಿಲೋ ಜಲಪಾತವೋ ಮೆರೆಯುತ್ತಿರುತ್ತದೆ. ಅದನ್ನು ತೆಗೆಸಿ ಕನ್ನಡ ಪತ್ರಿಕೆಯ ಒಂದು ಪುಟವನ್ನು ತೆರೆಸಿ. ತೋಳಿನ ದೂರದಲ್ಲಿ ಕುಳಿತು ಒತ್ತಕ್ಷರಗಳನ್ನು ಓದಿ. ಪುಟವನ್ನು ಬೇಗಬೇಗ ಸರಿಸಿ ನೋಡಿ. ಪೂರ್ತಿ ಬಿಳಿಯ ಚಿತ್ರವನ್ನು ಹಾಕಿಸಿ, ಮೂಲೆಗಳು ಮಂಕಾಗಿವೆಯೇ, ಸತ್ತ ಚುಕ್ಕಿ ಇದೆಯೇ ನೋಡಿ. ಪೂರ್ತಿ ಕಪ್ಪನ್ನು ಹಾಕಿಸಿದಾಗ ಅಂಚಿನಿಂದ ಬೆಳಕು ಸೋರಿದರೆ ಅದೂ ತಿಳಿಯುತ್ತದೆ. ಹೊಳಪನ್ನು ತಗ್ಗಿಸಿ ಫೋನಿನ ಕ್ಯಾಮೆರಾದಿಂದ ನೋಡಿ. ದಪ್ಪ ಪಟ್ಟಿಗಳು ಹರಿಯುತ್ತಿದ್ದರೆ ಹಿಂಬದಿಯ ದೀಪ ಮಿನುಗುತ್ತಿದೆಯೆಂದು ಶಂಕಿಸಬಹುದು. ಅಂಚೆಯ ಮೂಲಕ ತರಿಸುವವರು ಈ ಪರೀಕ್ಷೆಗಳನ್ನೆಲ್ಲ ಹಿಂದಿರುಗಿಸುವ ಗಡುವಿನೊಳಗೆ ಮನೆಯಲ್ಲಿಯೇ ಮಾಡಿ, ಅಲ್ಲಿಯವರೆಗೆ ಡಬ್ಬವನ್ನು ಜೋಪಾನವಾಗಿಡಬೇಕು.

ಯಾರಿಗೆ ಯಾವುದು?

ಲೆಕ್ಕ, ಪತ್ರ, ಪಾಠ, ಎಂದಾದರೊಮ್ಮೆ ಕ್ರಿಕೆಟ್ ಆಟ ಎನ್ನುವ ಮನೆಗೆ 24 ಅಂಗುಲದ ಫುಲ್ ಎಚ್‌ಡಿ ಐಪಿಎಸ್, 100 ಹರ್ಟ್ಸ್ ಸಾಕು; ಉಳಿದ ಹಣವನ್ನು ಒಳ್ಳೆಯ ಕುರ್ಚಿಗೆ ಹಾಕಬಹುದು. ಹಗಲು ಕಚೇರಿ, ಸಂಜೆ ಆಟ, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡು ಇರುವ ಮನೆಗೆ 27 ಅಂಗುಲದ ಕ್ಯೂಎಚ್‌ಡಿ ಐಪಿಎಸ್, 144 ಹರ್ಟ್ಸ್ ಅಥವಾ ಅದರ ಆಸುಪಾಸು. ಇಬ್ಬರು ಒಡೆಯರ ವ್ಯಾಜ್ಯವನ್ನು ಹೆಚ್ಚು ಖರ್ಚಿಲ್ಲದೆ ಬಗೆಹರಿಸುವ ಪರದೆ ಇದೇ. ಛಾಯಾಚಿತ್ರಗಳನ್ನು ತಿದ್ದುವವರಿಗೆ, ಮುದ್ರಣದ ಕೆಲಸದವರಿಗೆ, ಪ್ಲೇಸ್ಟೇಷನ್ ಇರುವವರಿಗೆ 27 ಅಥವಾ 32 ಅಂಗುಲದ 4ಕೆ. ಪಂದ್ಯಗಳಲ್ಲಿ ಸ್ಪರ್ಧಿಸುವಷ್ಟು ಮುಂದುವರಿದ ಆಟಗಾರನಿಗೆ 24 ಅಂಗುಲದ್ದೇ 240 ಹರ್ಟ್ಸಿನದು. ಎರಡು ಕಡತಗಳನ್ನು ಪಕ್ಕಪಕ್ಕದಲ್ಲಿಟ್ಟು ದುಡಿಯುವವರು 34 ಅಂಗುಲದ, 3440 × 1440 ಚುಕ್ಕಿಗಳ ಅಗಲ ಪರದೆಯನ್ನು ನೋಡಬಹುದು. ಕೆಲವು ಹಳೆಯ ಆಟಗಳಲ್ಲಿ ಅದರ ಎರಡು ಬದಿಗಳೂ ಕಪ್ಪಾಗಿ ಉಳಿಯುತ್ತವೆಂಬುದು ನೆನಪಿರಲಿ.

ಮನೆಗೆ ತಂದ ಮೇಲೆ ಎರಡು ಕೆಲಸ ಬಾಕಿ ಇವೆ. 144 ಹರ್ಟ್ಸಿನ ಮಾನಿಟರನ್ನು ಕೊಂಡು ಅದನ್ನು ತಿಂಗಳುಗಟ್ಟಲೆ 60ರಲ್ಲಿಯೇ ಓಡಿಸುವವರು ಬಹಳ. ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಹೆಚ್ಚಿನ ವೇಗವನ್ನು ನಾವೇ ಆರಿಸಬೇಕಾಗಬಹುದು. ಇನ್ನು ಹೊಳಪು. ಅನೇಕ ಮಾನಿಟರುಗಳು ಅಂಗಡಿಗೆ ಒಪ್ಪುವಂಥ ಹೊಳಪಿನಲ್ಲಿಯೇ ಮನೆಗೆ ಬರುತ್ತವೆ. ಪರದೆಯ ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನು ಹಿಡಿದು, ಪರದೆಯ ಬಿಳುಪು ಕಾಗದದ ಬಿಳುಪಿಗೆ ಸಮನಾಗುವವರೆಗೆ ತಗ್ಗಿಸಿ. ರಾತ್ರಿ ಆಟವಾಡುವ ಮಕ್ಕಳಿಗೆ ಕತ್ತಲ ಕೋಣೆಯಲ್ಲಿ ಕೂಡಲು ಬಿಡದೆ ಪರದೆಯ ಹಿಂದೊಂದು ಚಿಕ್ಕ ದೀಪವನ್ನು ಹಚ್ಚಿಡಿ.

ಇಷ್ಟಾದ ಮೇಲೆ ಡಬ್ಬದ ಅಂಕಿಗಳನ್ನು ಮರೆತುಬಿಡಬಹುದು. ಎಂಟು ದಿನ ಕಳೆದ ಬಳಿಕ ಸಂಜೆ ಕೆಲಸ ಮುಗಿಸಿ ಎದ್ದವರಿಗೆ ಕಣ್ಣುರಿ ಇಲ್ಲದಿದ್ದರೆ, ಅವರೆದ್ದ ಕುರ್ಚಿಯಲ್ಲಿ ಕುಳಿತ ಮಕ್ಕಳಿಂದ ದೂರು ಬಾರದಿದ್ದರೆ, ಕೊಟ್ಟ ಹಣ ಸಾರ್ಥಕವಾಯಿತೆಂದು ತಿಳಿಯಬಹುದು.